ಮಿಡಿದದ್ದು ಮತ್ತು ನುಡಿದದ್ದು

ಮಿಡಿ ಎಂದೊಡನೆ ಮಲೆನಾಡಿನವರಿಗೆ ನೆನಪಾಗುವುದು ಉಪ್ಪಿನಕಾಯಿ ಭರಣಿ. ನಿಘಂಟು ತೆಗೆದರೆ ಇನ್ನೊಂದು ಅರ್ಥವೂ ಸಿಗುತ್ತದೆ: ತಂತಿಯನ್ನು ಬೆರಳಿನಿಂದ ಮೀಟುವುದು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಹಾಡು ರೆಕಾರ್ಡ್ ಮಾಡುವವರಿಗೆ ಮೂರನೆಯ ಮಿಡಿಯೊಂದು ಗೊತ್ತು. ಅದು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬ ಉದ್ದನೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು. ಕನ್ನಡಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಈ ತಂತ್ರಜ್ಞಾನಕ್ಕೆ ನಮ್ಮ ಎರಡನೆಯ ಅರ್ಥದಷ್ಟು ಒಪ್ಪುವ ಹೆಸರು ಬೇರೆ ಸಿಗಲಾರದು. ಮಿಡಿ ಕಡತದಲ್ಲಿ ಇರುವುದು ಮಿಡಿತ ಮಾತ್ರ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಕೈ ಎತ್ತಿದರು ಎಂಬುದೆಲ್ಲ ಅಲ್ಲಿದೆ. ನುಡಿದ ನಾದ ಅಲ್ಲಿಲ್ಲ.

ಹೊಸಬರು ಎಡವುವುದು ಇಲ್ಲೇ. ಕಡತವನ್ನು ಒತ್ತಿದರೆ ಹಾಡು ಕೇಳಿಸುತ್ತದೆ, ಹಾಗಾಗಿ ಹಾಡು ಅದರೊಳಗೇ ಇದೆ ಎಂದುಕೊಳ್ಳುತ್ತಾರೆ. ಅದೇ ಕಡತವನ್ನು ಇನ್ನೊಬ್ಬರ ಕಂಪ್ಯೂಟರಿಗೆ ಕಳಿಸಿದರೆ ಪಿಟೀಲು ಇದ್ದಲ್ಲಿ ಪಿಯಾನೊ, ಕೊಳಲು ಇದ್ದಲ್ಲಿ ಪೀಪಿ. ಮಿಡಿ ಟ್ರ್ಯಾಕನ್ನು ಆಡಿಯೊ ಮಾಡುವುದು ಎಂದರೆ ಒಂದು ನಮೂನೆಯ ಕಡತವನ್ನು ಇನ್ನೊಂದಕ್ಕೆ ಬದಲಿಸುವುದಲ್ಲ. ಸೂಚನೆಯನ್ನು ಕೊಟ್ಟು ಒಂದು ವಾದ್ಯದಿಂದ ನುಡಿಸಿ, ಆ ನಾದವನ್ನು ಹಿಡಿಯುವುದು. ಈ ಕೆಲಸಕ್ಕೆ, ಈ ಗೊಂದಲಕ್ಕೆ, ಅದರ ಹಿಂದಿನ ಆತಂಕಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಕಾಗದದ ಸುರುಳಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ ಮತ್ತು ಯುರೋಪಿನ ಮಧ್ಯಮವರ್ಗದ ಮನೆಗಳಿಗೆ ತಾನೇ ನುಡಿಯುವ ಪಿಯಾನೊ ಬಂತು. ಕಾಗದದ ಸುರುಳಿಯಲ್ಲಿ ತೂತುಗಳಿರುತ್ತಿದ್ದವು. ಒಂದೊಂದು ತೂತು ಒಂದೊಂದು ಸ್ವರ, ತೂತಿನ ಉದ್ದವೇ ಸ್ವರದ ಅವಧಿ. ಕಾಲಿನಿಂದ ತಿದಿ ಒತ್ತಿದರೆ ಸುರುಳಿ ಸರಿದು, ತೂತು ಬಂದಲ್ಲಿ ಗಾಳಿ ನುಗ್ಗಿ, ಆಯಾ ಮನೆಯ ಸುತ್ತಿಗೆ ತಂತಿಗೆ ಬಡಿಯುತ್ತಿತ್ತು. ಇವತ್ತು ಕಂಪ್ಯೂಟರಿನಲ್ಲಿ ಮಿಡಿ ತಿದ್ದುವಾಗ ಪರದೆಯ ಮೇಲೆ ಕಾಣುವ ಅಡ್ಡಪಟ್ಟಿಗಳ ನೋಟಕ್ಕೆ ‘ಪಿಯಾನೊ ರೋಲ್’ ಎಂಬ ಹೆಸರು ಉಳಿದಿರುವುದು ಈ ಸುರುಳಿಯಿಂದಲೇ.

ಮೊದಮೊದಲು ಒಬ್ಬ ತಯಾರಕನ ಸುರುಳಿ ಇನ್ನೊಬ್ಬನ ಪಿಯಾನೊಗೆ ಹೊಂದುತ್ತಿರಲಿಲ್ಲ. 1908ರ ಡಿಸೆಂಬರಿನಲ್ಲಿ ತಯಾರಕರು ಬಫಲೊ ನಗರದಲ್ಲಿ ಸಭೆ ಸೇರಿ ಒಂದು ಅಳತೆಗೆ ಒಪ್ಪಿದರು: ಸುರುಳಿಯ ಅಗಲ ಹನ್ನೊಂದೂಕಾಲು ಇಂಚು, ಇಂಚಿಗೆ 9 ತೂತು, 88 ಸ್ವರ. ಪೈಪೋಟಿಯಲ್ಲಿದ್ದವರು ಒಂದೇ ಮೇಜಿನ ಸುತ್ತ ಕೂತು ಎಲ್ಲರಿಗೂ ಹೊಂದುವ ಒಂದು ಮಾನಕ ಮಾಡಿಕೊಂಡ ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, 75 ವರ್ಷಗಳ ನಂತರ ಇದು ಮತ್ತೆ ನಡೆಯುತ್ತದೆ.

ಅದೇ 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಸೊಗಸಾದ ಪ್ರಶ್ನೆ ಬಂದಿತ್ತು. ವೈಟ್-ಸ್ಮಿತ್ ಎಂಬ ಪ್ರಕಾಶನ ಸಂಸ್ಥೆಯು ಅಪೊಲೊ ಎಂಬ ಕಂಪನಿಯ ಮೇಲೆ ಹೂಡಿದ್ದ ದಾವೆ ಅದು. ನಮ್ಮ ಹಾಡುಗಳನ್ನು ಇವರು ಅನುಮತಿ ಇಲ್ಲದೆ ಸುರುಳಿಗೆ ಇಳಿಸಿದ್ದಾರೆ ಎಂಬುದು ದೂರು. ಕೋರ್ಟು ದೂರನ್ನು ತಳ್ಳಿಹಾಕಿತು. ತೂತಿನ ಕಾಗದವನ್ನು ಮನುಷ್ಯರು ಸಂಗೀತವಾಗಿ ಓದಲಾರರು, ಅದು ಯಂತ್ರದ ಒಂದು ಭಾಗ, ಹಾಗಾಗಿ ಅದು ಹಾಡಿನ ಪ್ರತಿ ಅಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ತಿದ್ದಿ, ಇಂಥ ಪ್ರತಿಯೊಂದಕ್ಕೂ ಹಾಡಿನ ಹಕ್ಕುದಾರರಿಗೆ 2 ಸೆಂಟ್ ಸಲ್ಲಬೇಕೆಂದು ಗೊತ್ತುಮಾಡಿತು. ಸಾಫ್ಟ್‌ವೇರ್‌ನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ವಾದ ಹೊಸದಲ್ಲ. ಸೂಚನೆಗಳ ಪಟ್ಟಿ ಬರಿಯ ಯಂತ್ರಭಾಗವೋ, ಅದೂ ಒಂದು ಕೃತಿಯೋ ಎಂಬ ಜಗಳವನ್ನು ನಾವೂ ಬೇರೆ ವೇಷದಲ್ಲಿ ನೋಡಿದ್ದೇವೆ.

ಸುರುಳಿಯಲ್ಲಿ ಸ್ವರ ಉಳಿಯುತ್ತಿತ್ತು, ಕೈಯ ತೂಕ ಉಳಿಯುತ್ತಿರಲಿಲ್ಲ. ಆ ಕೊರತೆ ನೀಗಲು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಎಡ್ವಿನ್ ವೆಲ್ಟೆ ಮತ್ತು ಕಾರ್ಲ್ ಬೊಕಿಶ್ 1904ರಲ್ಲಿ ವೆಲ್ಟೆ-ಮಿನ್ಯೊನ್ ಎಂಬ ಯಂತ್ರ ತಂದರು. ಕಲಾವಿದ ಎಲ್ಲಿ ಮೆಲ್ಲಗೆ, ಎಲ್ಲಿ ಬಿರುಸಾಗಿ ನುಡಿಸಿದ ಎಂಬುದೂ ಇದರಲ್ಲಿ ದಾಖಲಾಗುತ್ತಿತ್ತು. ಗುಸ್ತಾವ್ ಮಾಹ್ಲರ್ 1905ರಲ್ಲಿ ಇದಕ್ಕಾಗಿ ನಾಲ್ಕು ತುಣುಕುಗಳನ್ನು ನುಡಿಸಿದರು. 1911ರಲ್ಲಿ ತೀರಿಕೊಂಡ ಆ ಮಹಾನುಭಾವರ ನುಡಿಸಾಣಿಕೆಗೆ ಇರುವ ದಾಖಲೆ ಅಷ್ಟೇ. ಧ್ವನಿಮುದ್ರಣ ಒಂದೂ ಇಲ್ಲ. ನಾವಿಂದು ‘ಮಾಹ್ಲರ್ ನುಡಿಸಿದ್ದು’ ಎಂದು ಕೇಳುವುದೆಲ್ಲ ಆ ಕಾಗದವನ್ನು ಯಾವುದೋ ಪಿಯಾನೊಗೆ ಹಾಕಿ, ಮುಂದೆ ಮೈಕ್ ಇಟ್ಟು ಹಿಡಿದದ್ದು. ಆ ಪಿಯಾನೊ ಯಾವುದು, ಅದರ ಶ್ರುತಿ ಹೇಗಿದೆ, ಸುರುಳಿಯನ್ನು ಯಾವ ವೇಗದಲ್ಲಿ ಬಿಟ್ಟರು ಎಂಬುದರ ಮೇಲೆ ಮಾಹ್ಲರ್ ಬೇರೆಬೇರೆಯಾಗಿ ಕೇಳಿಸುತ್ತಾರೆ. ಮಿಡಿಯನ್ನು ಆಡಿಯೊಗೆ ಇಳಿಸುವ ಕಷ್ಟವೆಲ್ಲ ಇಲ್ಲಿ ಆಗಲೇ ಇದೆ.

ಎಟ್ಟಯಪುರಂ, 1904

ಫ್ರೈಬುರ್ಗ್‌ನಲ್ಲಿ ವೆಲ್ಟೆ ಯಂತ್ರ ಬಂದ ವರ್ಷವೇ ತಮಿಳುನಾಡಿನ ತೆಂಕಣ ತುದಿಯ ಎಟ್ಟಯಪುರಂನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’. ಭಾಷೆ ತೆಲುಗು. ಮುತ್ತುಸ್ವಾಮಿ ದೀಕ್ಷಿತರ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಕೃತಿಗಳು ಅದರಲ್ಲಿ ಸ್ವರಲಿಪಿಯ ಸಹಿತ ದಾಖಲಾದವು. ಈ ಕೆಲಸಕ್ಕೆ ಅವರ ಬೆನ್ನು ಹತ್ತಿದವರು ಮದರಾಸಿನ ಎ. ಎಂ. ಚಿನ್ನಸ್ವಾಮಿ ಮುದಲಿಯಾರ್. ನಮ್ಮ ಸಂಗೀತವನ್ನು ಯುರೋಪಿನ ಸ್ವರಲಿಪಿಯಲ್ಲಿ ಬರೆದು ಉಳಿಸಬೇಕೆಂದು ಶ್ರಮಿಸಿದ ಮನುಷ್ಯ.

ಸ, ರಿ, ಗ, ಮ ಎಂದು ಬರೆದರೆ ಮಾತ್ರ ರಾಗ ಬರುವುದಿಲ್ಲ ಎಂಬುದು ಸುಬ್ಬರಾಮ ದೀಕ್ಷಿತರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಂಪಿತ, ಸ್ಫುರಿತ, ಜಾರು ಮುಂತಾದ ಗಮಕಗಳಿಗೆ ಬೇರೆಬೇರೆ ಚಿಹ್ನೆ ಮಾಡಿ ಸ್ವರಗಳ ತಲೆಯ ಮೇಲೆ ಕೂರಿಸಿದರು. ಅಲ್ಲಿ ವೆಲ್ಟೆ ಕೈಯ ತೂಕವನ್ನು ಹಿಡಿಯಲು ಹೆಣಗುತ್ತಿದ್ದ ಹೊತ್ತಿಗೆ ಇಲ್ಲಿ ದೀಕ್ಷಿತರು ಸ್ವರದ ಓಲಾಟವನ್ನು ಹಿಡಿಯಲು ಹೆಣಗುತ್ತಿದ್ದರು. ಇಬ್ಬರದೂ ಒಂದೇ ಚಿಂತೆ: ನುಡಿಸುವವರು ಹೋದ ಮೇಲೆ ಸೂಚನೆ ಓದಿದವರಿಗೆ ನಾದ ಮರಳಿ ಸಿಗಬೇಕು.

ಈ ಚಿಂತೆಯ ಬೆಲೆ ಕನ್ನಡಿಗರಾದ ನಮಗೆ ತಿಳಿಯದ್ದಲ್ಲ. ಪುರಂದರದಾಸರು 1564ರಲ್ಲಿ ತೀರಿಕೊಂಡರು. ಅವರ ಪದಗಳ ಸಾಹಿತ್ಯ ಓಲೆಗರಿಗಳಲ್ಲಿ, ಭಜನೆ ಮಾಡುವವರ ಬಾಯಲ್ಲಿ ನೂರಾರು ಸಂಖ್ಯೆಯಲ್ಲಿ ಉಳಿದು ಬಂತು. ಎಷ್ಟೋ ಕಡೆ ಮೇಲೆ ರಾಗದ ಹೆಸರು, ತಾಳದ ಹೆಸರು ಬರೆದಿರುತ್ತದೆ. ಆದರೆ ಬಹುಪಾಲು ಪದಗಳ ಮೂಲ ಧಾಟಿ ಉಳಿಯಲಿಲ್ಲ. ಇಂದು ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಈಚಿನ ಗಾಯಕರು ಕೂರಿಸಿದವು. ಅವು ಚೆನ್ನಾಗಿವೆ, ಅದು ಬೇರೆ ಮಾತು. ಕರ್ನಾಟಕ ಸಂಗೀತದ ಪಿತಾಮಹ ಎಂದು ನಾವೇ ಕರೆಯುವವರ ಪದಗಳು ಅವರ ಬಾಯಲ್ಲಿ ಹೇಗಿದ್ದವು ಎಂಬುದು ನಮ್ಮ ಕೈತಪ್ಪಿ ಹೋಯಿತು. ಸೂಚನೆ ಉಳಿದು, ಅದನ್ನು ನುಡಿಸುವ ಸಾಧನ ಕಳೆದುಹೋದರೆ ಆಗುವುದು ಹೀಗೆ.

ಐದು ಮುಳ್ಳಿನ ಕೇಬಲ್

1970ರ ದಶಕದಲ್ಲಿ ಸಿಂಥಸೈಸರ್‌ಗಳು ಬಂದವು. ಒಂದು ಕಂಪನಿಯದು ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ, ಪಿಯಾನೊ ಸುರುಳಿಯ ಹಳೆಯ ಪಾಡೇ ಮತ್ತೆ. ಒಂದೇ ಕಂಪನಿಯ ಯಂತ್ರಗಳನ್ನು ಮಾತ್ರ ಹೇಗೋ ಕೂಡಿಸಬಹುದಿತ್ತು. ಮುಂಬಯಿಯ ಚಿತ್ರಸಂಗೀತದಲ್ಲಿ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹೀಗೇ ಮಾಡಿದರು. ರೋಲಂಡ್ ಕಂಪನಿಯ ಜುಪಿಟರ್-8, ಟಿಆರ್-808, ಟಿಬಿ-303 ಎಂಬ ಮೂರು ಯಂತ್ರ ಇಟ್ಟುಕೊಂಡು ಡಿಸ್ಕೊ ತಾಳದ ಮೇಲೆ ಹತ್ತು ರಾಗಗಳನ್ನು ನುಡಿಸಿ ಒಂದು ಎಲ್‌ಪಿ ತಂದರು. ಆಗ ಯಾರೂ ಕಿವಿಗೊಡಲಿಲ್ಲ. ಸುಮಾರು ಮೂವತ್ತು ವರ್ಷದ ಮೇಲೆ ಹಾಲೆಂಡಿನವರು ಅದನ್ನು ಮರುಬಿಡುಗಡೆ ಮಾಡಿದಾಗ ಜಗತ್ತು ಬೆರಗಾಯಿತು. ಆ ಯಂತ್ರಗಳಿಗೆ ಅವರು ಕೊಟ್ಟ ಸೂಚನೆಗಳು ಮಾತ್ರ ಉಳಿದಿದ್ದರೆ ಬೆರಗಿಗೆ ಅವಕಾಶವೇ ಇರುತ್ತಿರಲಿಲ್ಲ. ಉಳಿದದ್ದು ಧ್ವನಿ.

ಅಷ್ಟರಲ್ಲಿ ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಡೇವ್ ಸ್ಮಿತ್ ಮತ್ತು ಜಪಾನಿನ ರೋಲಂಡ್ ಸಂಸ್ಥಾಪಕ ಇಕುತಾರೊ ಕಾಕೆಹಾಶಿ ಎಲ್ಲರಿಗೂ ಹೊಂದುವ ಒಂದು ಭಾಷೆಯ ಕೆಲಸಕ್ಕೆ ಕೈಹಾಕಿದ್ದರು. ಯಮಹಾ, ಕೊರ್ಗ್, ಕವಾಯ್ ಕಂಪನಿಗಳೂ ಕೂಡಿಕೊಂಡವು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನ ವಾದ್ಯಮೇಳದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600 ಮತ್ತು ರೋಲಂಡ್‌ನ ಜುಪಿಟರ್-6 ನಡುವೆ ಒಂದು ಕೇಬಲ್ ಎಳೆದರು. ಇಲ್ಲಿ ಒತ್ತಿದರೆ ಅಲ್ಲಿ ನುಡಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ಮಿಡಿ 1.0 ಪ್ರಕಟವಾಯಿತು. ಬಳಸಲು ಯಾರೂ ಯಾರಿಗೂ ಹಣ ಕೊಡಬೇಕಿರಲಿಲ್ಲ. ಇದಕ್ಕಾಗಿ ಸ್ಮಿತ್ ಮತ್ತು ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು.

ಇದರ ಒಳಗನ್ನು ಸ್ವಲ್ಪ ನೋಡೋಣ, ಮುಂದಿನ ಕಥೆಗೆ ಬೇಕು. ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಆ ಕಾಲದ 1 ಮೆಗಾಹರ್ಟ್ಸ್ ಗಡಿಯಾರವನ್ನು 32ರಿಂದ ಭಾಗಿಸಿದರೆ ಸುಲಭವಾಗಿ ಸಿಗುವ ಸಂಖ್ಯೆ ಅದು. ‘ಈ ಸ್ವರವನ್ನು ಇಷ್ಟು ಬಿರುಸಾಗಿ ಶುರುಮಾಡು’ ಎಂಬ ಒಂದು ಸೂಚನೆಗೆ 3 ಬೈಟ್, ಅಂದರೆ ಸುಮಾರು 1 ಮಿಲಿಸೆಕೆಂಡ್. ವಾಹಿನಿಗಳು 16. ಸ್ವರಕ್ಕೂ ಬಿರುಸಿಗೂ 128 ಮೆಟ್ಟಿಲು. ಇಷ್ಟೇ ಭಾಷೆ. ಹಾಗಾಗಿ ಐದು ನಿಮಿಷದ ಹಾಡಿನ ಮಿಡಿ ಕಡತ 100 ಕೆಬಿ ದಾಟುವುದು ಅಪರೂಪ. ಅದೇ ಹಾಡು ಸಿಡಿ ಗುಣಮಟ್ಟದ ಸ್ಟೀರಿಯೊ ಆಡಿಯೊ ಆದರೆ, ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 2 ಬೈಟ್, ಎರಡು ಕಿವಿ ಎಂದು ಲೆಕ್ಕ ಹಾಕಿ, ಸುಮಾರು 53 ಎಂಬಿ. ಒಂದು ಅಡುಗೆ ಬರೆದಿಟ್ಟ ಚೀಟಿ, ಇನ್ನೊಂದು ಅಡುಗೆಯೇ.

ಸಿತಾರ್ ಇದೆ, ಮೃದಂಗ ಇಲ್ಲ

ಭಾಷೆ ಒಂದಾದರೂ ಅರ್ಥ ಒಂದಾಗಿರಲಿಲ್ಲ. ‘25ನೇ ವಾದ್ಯ’ ಎಂದರೆ ಒಂದು ಯಂತ್ರದಲ್ಲಿ ಗಿಟಾರ್, ಇನ್ನೊಂದರಲ್ಲಿ ತುತ್ತೂರಿ ಇರಬಹುದಿತ್ತು. 1991ರಲ್ಲಿ ‘ಜನರಲ್ ಮಿಡಿ’ ಎಂಬ ಪಟ್ಟಿ ಬಂತು: 128 ವಾದ್ಯಗಳಿಗೆ 128 ಸಂಖ್ಯೆ, ಹತ್ತನೆಯ ವಾಹಿನಿ ತಾಳವಾದ್ಯಗಳಿಗೆ ಮೀಸಲು. ಆ ವರ್ಷವೇ ಬಂದ ರೋಲಂಡ್ ಸೌಂಡ್ ಕ್ಯಾನ್ವಾಸ್ ಎಸ್‌ಸಿ-55 ಪೆಟ್ಟಿಗೆ ಈ ಪಟ್ಟಿಯನ್ನು ಮನೆಮನೆಗೆ ಮುಟ್ಟಿಸಿತು.

ಪಟ್ಟಿಯನ್ನು ಒಮ್ಮೆ ನಮ್ಮ ಕಣ್ಣಿನಿಂದ ನೋಡಿ. 105ನೇ ಸಂಖ್ಯೆಯಲ್ಲಿ ಸಿತಾರ್ ಇದೆ. 112ನೇ ಸಂಖ್ಯೆಯಲ್ಲಿ ಶಹನಾಯಿ ಇದೆ. ನಡುವೆ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್, ಜಪಾನಿನ ಕೊಟೊ. ಇವೆಲ್ಲ ‘ಜನಾಂಗೀಯ’ ಎಂಬ ಒಂದೇ ಗುಂಪು. ವೀಣೆ ಇಲ್ಲ. ತಬಲಾ, ಮೃದಂಗ, ಘಟ ಇಲ್ಲ. ಹಾಗೆಂದು ಕೆಡುಕು ಬಯಸಿ ಬಿಟ್ಟದ್ದಲ್ಲ, ಪಟ್ಟಿ ಮಾಡಿದವರ ಕಿವಿಗೆ ಬಿದ್ದದ್ದು ಅಷ್ಟು. ಆದರೆ ಮೃದಂಗವನ್ನು ಬಾಂಗೊ ಡ್ರಮ್ಮಿನ ಸಂಖ್ಯೆ ಕೊಟ್ಟು ನುಡಿಸಬೇಕಾಯಿತು. 1990ರ ದಶಕದ ಎಷ್ಟೋ ಭಕ್ತಿಗೀತೆ ಕ್ಯಾಸೆಟ್ಟುಗಳ ತಾಳ ಕೇಳಿದವರಿಗೆ ಈ ಮಾತು ಕೂಡಲೇ ತಿಳಿಯುತ್ತದೆ.

ತಾಳಕ್ಕಿಂತ ದೊಡ್ಡ ತೊಡಕು ಗಮಕದ್ದು. ಮಿಡಿಯ ಸ್ವರಗಳು ಪಿಯಾನೊದ ಮನೆಗಳು, ಒಂದರ ಪಕ್ಕ ಒಂದು, ನಡುವೆ ಗೋಡೆ. ಈ ತಕರಾರು ನಮ್ಮಲ್ಲಿ ಹಳೆಯದು. ಸ್ವರದಿಂದ ಸ್ವರಕ್ಕೆ ಜಾರಲು ಬರದು, ಶ್ರುತಿಗಳು ಸಿಗವು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನೇ ನಿಷೇಧಿಸಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಮಿಡಿಯವರು ಈ ಗೋಡೆಗೆ ಒಂದು ಕಿಂಡಿ ಬಿಟ್ಟಿದ್ದರು, ಅದರ ಹೆಸರು ಪಿಚ್ ಬೆಂಡ್. ಕೀಬೋರ್ಡಿನ ಎಡಗಡೆಯ ಚಕ್ರ ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಈ ಜಾರಿಗೆ 128 ಅಲ್ಲ, 16,384 ಮೆಟ್ಟಿಲು. ಗಮಕಕ್ಕೆ ಧಾರಾಳ ಸಾಕು. ಆದರೆ ಅದರಲ್ಲೊಂದು ಮರ್ಮವಿದೆ. ಚಕ್ರವನ್ನು ಪೂರ್ತಿ ತಿರುಗಿಸಿದರೆ ಎಷ್ಟು ದೂರ ಜಾರಬೇಕು ಎಂಬುದು ಸೂಚನೆಯಲ್ಲಿ ಇರುವುದಿಲ್ಲ, ವಾದ್ಯದ ಹೊಂದಾಣಿಕೆಯಲ್ಲಿರುತ್ತದೆ. ವಾಡಿಕೆಯಲ್ಲಿ ಎರಡು ಮನೆ. ನುಡಿಸುವವರು ಬೇಕಾದಂತೆ ಬದಲಿಸಿಕೊಳ್ಳಬಹುದು. ಈ ಮರ್ಮ ಮುಂದೆ ಮತ್ತೆ ಬರುತ್ತದೆ.

ನಮ್ಮವರು ಬೇರೊಂದು ದಾರಿಯಲ್ಲೂ ನಡೆದರು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲೇ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ತಾಳದ ಪೆಟ್ಟಿಗೆಯೂ ಬಂತು. ಜಗತ್ತಿನ ಪಟ್ಟಿಯಲ್ಲಿ ಜಾಗವಿಲ್ಲದ ವಾದ್ಯಗಳಿಗೆ ಬೆಂಗಳೂರಿನ ಒಂದು ಚಿಕ್ಕ ಕಾರ್ಖಾನೆಯಲ್ಲಿ ಜಾಗ ಸಿಕ್ಕಿತು.

ಕೋಡಂಬಾಕ್ಕಂ

ನಾನಿರುವ ಊರು ಚೆನ್ನೈ. ಇಲ್ಲಿನ ಕೋಡಂಬಾಕ್ಕಂ, ವಡಪಳನಿ ಬೀದಿಗಳಿಗೆ ಕನ್ನಡ ಚಿತ್ರಗೀತೆಗಳ ಋಣ ದೊಡ್ಡದು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟುವವರೆಗೂ, ಕಟ್ಟಿದ ಮೇಲೂ ಕೆಲಕಾಲ, ನಮ್ಮ ಹಾಡುಗಳಲ್ಲಿ ಹೆಚ್ಚಿನವು ಮುದ್ರಣವಾದದ್ದು ಮದರಾಸಿನಲ್ಲೇ. ಒಂದೇ ಕೋಣೆಯಲ್ಲಿ ಹತ್ತಾರು ಪಿಟೀಲು, ತಬಲಾ, ಢೋಲಕ್, ಕೊಳಲು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಅಲ್ಲಿ ಸೂಚನೆಗೂ ನಾದಕ್ಕೂ ನಡುವೆ ಅಂತರವೇ ಇರಲಿಲ್ಲ. ಸ್ವರ ಬರೆದ ಹಾಳೆ ಮುಂದಿದ್ದ ಗಳಿಗೆಯಲ್ಲೇ ಧ್ವನಿ ಟೇಪಿನ ಮೇಲೆ ಬೀಳುತ್ತಿತ್ತು.

1986ರಲ್ಲಿ ಬಂದ ಇಳಯರಾಜ ಅವರ ‘ಪುನ್ನಗೈ ಮನ್ನನ್’ ಕಂಪ್ಯೂಟರ್ ಬಳಸಿ ಸಂಗೀತ ಮಾಡಿದ ಚಿತ್ರವೆಂದು ಹೆಸರಾಯಿತು. ಹಿಂದಿನ ವರ್ಷವಷ್ಟೇ ಬಂದಿದ್ದ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಮಿಡಿ ಕಿಂಡಿಗಳು ಕಾರ್ಖಾನೆಯಿಂದಲೇ ಇದ್ದವು. ಜಗತ್ತಿನ ಸ್ಟುಡಿಯೊಗಳ ಹಾಗೆ ಇಲ್ಲೂ ಸೀಕ್ವೆನ್ಸರ್ ಎಂಬ ಪದ ಬಳಕೆಗೆ ಬಂತು. ಇಳಯರಾಜರಿಗೂ, ನಮ್ಮ ಹಂಸಲೇಖ, ವಿಜಯಾನಂದ್ ಮುಂತಾದವರಿಗೂ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನೊಬ್ಬ ತನ್ನ ಮನೆಯ ಹಿತ್ತಲಲ್ಲೇ ಪಂಚತನ್ ಎಂಬ ಸ್ಟುಡಿಯೊ ಕಟ್ಟಿಕೊಂಡ. 1992ರ ‘ರೋಜಾ’ ಹಾಡುಗಳು ಅಲ್ಲಿಂದ ಬಂದವು. ಎ. ಆರ್. ರೆಹಮಾನ್ ಅವರ ಕೆಲಸದ ರೀತಿಯಲ್ಲಿ ಹೊಸತಾಗಿದ್ದದ್ದು ಯಂತ್ರಗಳಷ್ಟೇ ಅಲ್ಲ. ಮಿಡಿತ ಮತ್ತು ನಾದ ಬೇರೆಬೇರೆ ದಿನಗಳ ಕೆಲಸವಾದವು. ಇಂದು ಸೂಚನೆ ಬರೆದಿಟ್ಟು, ನಾಳೆ ಯಾವ ವಾದ್ಯದ ಧ್ವನಿ ಎಂದು ಯೋಚಿಸಿ, ನಾಡಿದ್ದು ಅದನ್ನು ನಿಜವಾದ ಕೊಳಲಿನಿಂದ ಬದಲಿಸಬಹುದಿತ್ತು. ಮನೆಯ ಸ್ಟುಡಿಯೊ ಎಂಬ ಕಲ್ಪನೆಗೆ ದಕ್ಷಿಣ ಭಾರತದಲ್ಲಿ ಮರ್ಯಾದೆ ಬಂದದ್ದು ಆ ಹಿತ್ತಲಿನಿಂದ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಹತ್ತಾರು ಪಿಟೀಲುಗಳ ಕೆಲಸ ಒಂದು ಕೀಬೋರ್ಡಿಗೆ ಬಂದಾಗ ಪಿಟೀಲು ಹಿಡಿದವರ ದಿನಗೂಲಿ ಕರಗಿತು.

ಇಳಿಸುವ ಕೆಲಸ

ಮನೆಯಲ್ಲಿ ಮಿಡಿಯನ್ನು ಆಡಿಯೊಗೆ ಇಳಿಸುವ ಕ್ರಮ ಮೂರು ಕಾಲ ಕಂಡಿದೆ.

ಮೊದಲನೆಯದು ಪೆಟ್ಟಿಗೆಗಳ ಕಾಲ. ಸೀಕ್ವೆನ್ಸರ್ ಸೂಚನೆ ಕಳಿಸುತ್ತದೆ, ಹೊರಗಿನ ಪೆಟ್ಟಿಗೆ ನುಡಿಯುತ್ತದೆ, ಅದರ ಆಡಿಯೊ ತಂತಿಯನ್ನು ಟೇಪಿಗೋ ಕಂಪ್ಯೂಟರಿಗೋ ಜೋಡಿಸಿ ಹಿಡಿಯಬೇಕು. ಐದು ನಿಮಿಷದ ಹಾಡಿಗೆ ಐದೇ ನಿಮಿಷ ಬೇಕು, ಒಂದು ಕ್ಷಣ ಕಡಿಮೆಯಾಗದು. ಎಂಟು ವಾದ್ಯಗಳನ್ನು ಬಿಡಿಬಿಡಿಯಾಗಿ ಬೇಕೆಂದರೆ ಎಂಟು ಸಲ ನುಡಿಸಬೇಕು. ಮಧ್ಯೆ ಕರೆಂಟ್ ಹೋದರೆ ಮತ್ತೆ ಶುರು.

ಎರಡನೆಯದು ಸೌಂಡ್ ಕಾರ್ಡಿನ ಕಾಲ. 1994ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ32 ಕಾರ್ಡಿನಲ್ಲಿ ಜನರಲ್ ಮಿಡಿಯ ಎಲ್ಲ ವಾದ್ಯಗಳ ಧ್ವನಿಯನ್ನು 1 ಎಂಬಿ ಚಿಪ್ಪಿನಲ್ಲಿ ಅಡಕಿದ್ದರು. ಅದರ ಜೊತೆ ‘ಸೌಂಡ್‌ಫಾಂಟ್’ ಎಂಬ ಉಪಾಯವೂ ಬಂತು. ಅಕ್ಷರಕ್ಕೆ ಫಾಂಟ್ ಇದ್ದಂತೆ ಸ್ವರಕ್ಕೂ ಒಂದು ಫಾಂಟ್. ನಿಮ್ಮ ಮನೆಯ ವೀಣೆಯ ಒಂದೊಂದು ಸ್ವರವನ್ನು ರೆಕಾರ್ಡ್ ಮಾಡಿ ಅದನ್ನೇ ಕಾರ್ಡಿಗೆ ತುಂಬಬಹುದಿತ್ತು. 128ರ ಪಟ್ಟಿಯ ಹಂಗು ತಪ್ಪಿದ್ದು ಹೀಗೆ.

ಮೂರನೆಯದು ಈಗಿನ ಕಾಲ. ಜರ್ಮನಿಯ ಸ್ಟೈನ್‌ಬರ್ಗ್ 1996ರಲ್ಲಿ ವಿಎಸ್‌ಟಿ ಎಂಬ ಪ್ಲಗಿನ್ ಪದ್ಧತಿ ತಂದು, 1999ರಲ್ಲಿ ಅದರೊಳಗೆ ವಾದ್ಯಗಳಿಗೂ ಅವಕಾಶ ಮಾಡಿತು. ಪೆಟ್ಟಿಗೆ ಮಾಯವಾಗಿ ವಾದ್ಯವೇ ಸಾಫ್ಟ್‌ವೇರ್ ಆಯಿತು. ಈಗ ನುಡಿಸಿ ಹಿಡಿಯಬೇಕಿಲ್ಲ. ಕಂಪ್ಯೂಟರ್ ಲೆಕ್ಕ ಹಾಕಿ ನೇರವಾಗಿ ಆಡಿಯೊ ಬರೆಯುತ್ತದೆ. ಐದು ನಿಮಿಷದ ಹಾಡು ಎಷ್ಟೋ ಸಲ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಬೌನ್ಸ್, ರೆಂಡರ್, ಫ್ರೀಝ್ ಎಂದು ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೆಸರಿಟ್ಟಿದೆ.

ಸುಲಭವಾದದ್ದರಿಂದಲೇ ಜನ ಇಳಿಸುವುದನ್ನು ಮುಂದೂಡತೊಡಗಿದರು. ಯಾವಾಗ ಬೇಕಾದರೂ ಒಂದು ಗುಂಡಿ ಒತ್ತಿದರಾಯಿತಲ್ಲ ಎಂಬ ಧೈರ್ಯ. ಆದರೆ ಪೆಟ್ಟಿಗೆಗಿಂತ ಪ್ಲಗಿನ್ನಿನ ಆಯುಸ್ಸು ಕಡಿಮೆ. 2019ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ 32 ಬಿಟ್ ತಂತ್ರಾಂಶಗಳನ್ನು ನಿಲ್ಲಿಸಿದಾಗ ಹಳೆಯ ಪ್ಲಗಿನ್‌ಗಳು ಒಂದೇ ಏಟಿಗೆ ಮೂಕವಾದವು. 1991ರ ಸೌಂಡ್ ಕ್ಯಾನ್ವಾಸ್ ಪೆಟ್ಟಿಗೆ ಇಂದೂ ಪ್ಲಗ್ ಹಾಕಿದರೆ ನುಡಿಯುತ್ತದೆ. ಸೋರ್ಸ್ ಕೋಡ್ ಇದೆ, ಆದರೆ ಅದು ನೆಚ್ಚಿಕೊಂಡಿದ್ದ ಲೈಬ್ರರಿ ಈಗ ಸಿಗುವುದಿಲ್ಲ ಎಂಬ ಸ್ಥಿತಿಯನ್ನು ನನ್ನ ಕಸುಬಿನವರಿಗೆ ವಿವರಿಸಬೇಕಾಗಿಲ್ಲ.

ತೋಡಿಯ ಗಾಂಧಾರ

ಇದು ಯಂತ್ರಗಳ ಮಾತಷ್ಟೇ ಅಲ್ಲ ಎಂದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ. ಚೆನ್ನೈನ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಹಿರಿಯರೊಬ್ಬರಿದ್ದರು. ಶಿವಮೊಗ್ಗ ಜಿಲ್ಲೆಯಿಂದ ಬ್ಯಾಂಕ್ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಿವೃತ್ತಿಯ ಮೇಲೆ ಕೀಬೋರ್ಡ್ ಕೊಂಡು, ತಾವೇ ರಾಗ ಹಾಕಿದ ದಾಸರ ಪದಗಳನ್ನು ಒಂದೊಂದಾಗಿ ಅದರ ಫ್ಲಾಪಿಗೆ ತುಂಬಿದ್ದರು. ಅವರು ತೀರಿಕೊಂಡ ಮೇಲೆ ಮಗಳು ಫ್ಲಾಪಿಗಳನ್ನು ತಂದು, “ಅಣ್ಣ, ಅಪ್ಪನ ಹಾಡು ಮೊಬೈಲಿಗೆ ಹಾಕಿಕೊಡಿ, ಅಮ್ಮ ಕೇಳಬೇಕಂತೆ” ಎಂದರು. ಎರಡು ಫ್ಲಾಪಿ ಓದಲೇ ಇಲ್ಲ. ಉಳಿದವುಗಳಲ್ಲಿ 31 ಹಾಡು ಸಿಕ್ಕವು. ಕೀಬೋರ್ಡ್ ಮನೆ ಬದಲಿಸುವಾಗ ಕೈಬಿಟ್ಟುಹೋಗಿತ್ತು.

ಒಳ್ಳೆಯ ವೀಣೆಯ ಪ್ಲಗಿನ್ ಹಾಕಿ ಇಳಿಸಿ, ಅವರ ಮನೆಯಲ್ಲಿ ಕೇಳಿಸಿದೆ. ಶಂಕರಾಭರಣದ ಪದಕ್ಕೆ ಅಮ್ಮ ತಲೆದೂಗಿದರು. ತೋಡಿಯದು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಇದು ಅವರ ತೋಡಿ ಅಲ್ಲ. ಗಾಂಧಾರ ಸತ್ತುಹೋಗಿದೆ.”

ಕಡತ ತೆರೆದು ನೋಡಿದರೆ ಗಾಂಧಾರದ ಮೇಲೆ ಪಿಚ್ ಬೆಂಡ್ ಸೂಚನೆ ಹೇರಳವಾಗಿತ್ತು. ಅವರು ಕೈತುಂಬ ಗಮಕ ತುಂಬಿದ್ದರು. ಆದರೆ ಚಕ್ರ ಎಷ್ಟು ದೂರ ಜಾರಬೇಕು ಎಂಬುದನ್ನು ಅವರು ತಮ್ಮ ಕೀಬೋರ್ಡಿನಲ್ಲೇ ಹೊಂದಿಸಿಕೊಂಡಿದ್ದರು, ಅದು ಕಡತದಲ್ಲಿ ಬರಲಿಲ್ಲ. ನನ್ನ ಪ್ಲಗಿನ್ ವಾಡಿಕೆಯಂತೆ ಎರಡು ಮನೆ ಎಂದುಕೊಂಡಿತ್ತು. ತೋಡಿಯ ಗಾಂಧಾರವೋ ರಿಷಭದ ಬಳಿಯಿಂದ ಮಧ್ಯಮದ ಬಳಿಯವರೆಗೆ ತೂಗುವಂಥದ್ದು. ಅಮ್ಮನ ಎದುರೇ ಲ್ಯಾಪ್‌ಟಾಪ್ ಇಟ್ಟು ಹನ್ನೆರಡು ಎಂದು ಕೊಟ್ಟೆ, ಅವರು ನಕ್ಕರು. ಏಳು, ಆಗಲೂ ಇಲ್ಲ. ಮೂರು, ಹತ್ತಿರ. ನಾಲ್ಕಕ್ಕೆ ಬಂದಾಗ ಅವರು ಏನೂ ಹೇಳಲಿಲ್ಲ, ಜೊತೆಗೆ ಹಾಡಿದರು.

ಆ ನಾಲ್ಕು ಎಂಬ ಅಂಕಿ ಜಗತ್ತಿನ ಯಾವ ಡಿಸ್ಕಿನಲ್ಲೂ ಇರಲಿಲ್ಲ, ಒಬ್ಬರ ಕಿವಿಯಲ್ಲಿತ್ತು. 31 ಪದಗಳನ್ನೂ ಹಾಗೇ ಅವರೆದುರು ಇಳಿಸಿದೆವು, ಐದಾರು ಭಾನುವಾರ ಹಿಡಿಯಿತು.

ಎರಡನ್ನೂ ಇಡಿ

ಮಿಡಿಯ ಭಾಷೆ ಈಗ ಬೆಳೆದಿದೆ. ಒಂದೊಂದು ಸ್ವರಕ್ಕೂ ಪ್ರತ್ಯೇಕವಾಗಿ ಜಾರು ಕೊಡುವ ಎಂಪಿಇ ಎಂಬ ಪದ್ಧತಿ 2018ರಲ್ಲಿ, ಇನ್ನೂ ಸೂಕ್ಷ್ಮ ಮೆಟ್ಟಿಲುಗಳ ಮಿಡಿ 2.0 ಎಂಬುದು 2020ರಲ್ಲಿ ಬಂದವು. ರೆಹಮಾನ್ ನುಡಿಸುವ ಕಂಟಿನ್ಯುಅಮ್‌ನಂಥ ಮನೆಗಳಿಲ್ಲದ ಕೀಬೋರ್ಡಿನಲ್ಲಿ ಬೆರಳು ಜಾರಿದಂತೆ ಸ್ವರವೂ ಜಾರುತ್ತದೆ. ಸುಬ್ಬರಾಮ ದೀಕ್ಷಿತರ ಚಿಹ್ನೆಗಳ ಕೆಲಸವನ್ನು ಯಂತ್ರ ನಿಧಾನಕ್ಕೆ ಕಲಿಯುತ್ತಿದೆ. ಆದರೂ ಅದು ಸೂಚನೆಯೇ, ನುಡಿಸುವ ವಾದ್ಯ ಬೇಕೇ ಬೇಕು.

ಹಾಗೆಂದು ಮಿಡಿಯನ್ನು ಬಿಸಾಡಿ ಆಡಿಯೊ ಮಾತ್ರ ಇಟ್ಟುಕೊಳ್ಳಿ ಎನ್ನುವುದೂ ಸರಿಯಲ್ಲ. ಜಾರ್ಜ್ ಗರ್ಶ್ವಿನ್ 1937ರಲ್ಲಿ ತೀರಿಕೊಂಡರು. ಅವರ ಪಿಯಾನೊ ಸುರುಳಿಗಳನ್ನು ಆರ್ಟಿಸ್ ವುಡ್‌ಹೌಸ್ ಎಂಬ ಪಿಯಾನೊ ವಾದಕಿ ಅಂಕಿಗಳಾಗಿ ಬದಲಿಸಿ, ಮಿಡಿಯಿಂದ ನುಡಿಯುವ ಯಮಹಾ ಡಿಸ್ಕ್‌ಲೇವಿಯರ್‌ನಲ್ಲಿ ನುಡಿಸಿ, 1993ರಲ್ಲಿ ಸಿಡಿ ಮಾಡಿದರು. ಕಾಗದ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಸೂಚನೆ ಇದ್ದರೆ ಶ್ರುತಿ ಬದಲಿಸಬಹುದು, ಕಾಲ ನಿಧಾನಿಸಬಹುದು, ಮಕ್ಕಳಿಗೆ ಪಾಠ ಮಾಡಬಹುದು. ನಾದ ಇದ್ದರೆ ಅದು ಹೇಗಿತ್ತು ಎಂಬುದು ಗೊತ್ತಾಗುತ್ತದೆ. ಒಂದು ಇನ್ನೊಂದರ ಬದಲಿ ಅಲ್ಲ.

ಊರುಬಿಟ್ಟು ಬಂದ ನಮ್ಮ ಸಂಘಗಳಲ್ಲಿ, ಮಂಡಳಿಗಳಲ್ಲಿ, ಮುಂಬಯಿಯ ಚಾಳಿನಿಂದ ಹೈದರಾಬಾದಿನ ಅಪಾರ್ಟ್‌ಮೆಂಟಿನವರೆಗೆ, ರಾಜ್ಯೋತ್ಸವಕ್ಕೆಂದು, ದಾಸರ ಆರಾಧನೆಗೆಂದು ಯಾರೋ ಒಬ್ಬರು ಹಾಡಿನ ಟ್ರ್ಯಾಕ್ ಮಾಡಿಟ್ಟಿರುತ್ತಾರೆ. ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಒಂದು ಭಾನುವಾರ ಅವರ ಮನೆಗೆ ಹೋಗಿ. ಅವರ ವಾದ್ಯದಲ್ಲೇ, ಅವರ ಹೊಂದಾಣಿಕೆಯಲ್ಲೇ ನುಡಿಸಿ ಇಳಿಸಿಕೊಳ್ಳಿ. ಒಂದೊಂದು ವಾದ್ಯ ಬಿಡಿಯಾಗಿ, ಎಲ್ಲವೂ ಹಾಡಿನ ಶುರುವಿನ ಬಿಂದುವಿನಿಂದಲೇ ಆರಂಭವಾಗಲಿ, ಆಗ ಮುಂದೆ ಯಾವ ತಂತ್ರಾಂಶದಲ್ಲಿ ಹಾಕಿದರೂ ತಾಳ ತಪ್ಪದೆ ಕೂಡಿಕೊಳ್ಳುತ್ತವೆ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಕತ್ತರಿಸಬೇಡಿ. ಕುಗ್ಗಿಸದ ವೇವ್ ಕಡತವಾಗಿಡಿ, ಪಕ್ಕದಲ್ಲಿ ಮಿಡಿ ಕಡತವನ್ನೂ ಇಡಿ. ಇವುಗಳ ಜೊತೆ ಒಂದು ಚೀಟಿ: ವಾದ್ಯ ಯಾವುದು, ಶ್ರುತಿ ಎಷ್ಟು, ಚಕ್ರ ಎಷ್ಟು ಮನೆ ಜಾರುತ್ತದೆ. ಚೀಟಿ ಕನ್ನಡದಲ್ಲೇ ಇರಲಿ.